ಎರಡು ಎಲೆ-ಅಡಿಕೆ ದೂರ

ಈರನಾಗಮ್ಮನನ್ನು ನಾನು ಮೊದಲು ಕಂಡದ್ದು ಡಿಗ್ರಿ ಎರಡನೇ ವರ್ಷದ ಶ್ರಾವಣದಲ್ಲಿ, ರತ್ನಗಿರಿಯ ಆಚೆಗಿನ ಗುಡ್ಡದ ಬುಡದಲ್ಲಿ: ಬರಿಗಾಲು, ಎತ್ತಿ ಕಟ್ಟಿದ ಹಸಿರು ಸೀರೆ, ಸೊಂಟದಲ್ಲಿ ಎಲೆ-ಅಡಿಕೆ ಚೀಲ. ಮಳೆ ಬಿದ್ದ ವಾರಗಳಲ್ಲಿ ಕಾಡಿನೊಳಗಿನ ಜಲಪಾತಕ್ಕೆ ಜನರನ್ನು ಕರೆದೊಯ್ಯುವುದು ಅವಳ ಕೆಲಸ. ದೂರ ಎಷ್ಟೆಂದು ಯಾರು ಕೇಳಿದರೂ, "ಇಲ್ಲೇ ಐತೆ ಕಣಪ್ಪ, ಎರಡು ಎಲೆ-ಅಡಿಕೆ ದೂರ" ಅನ್ನುತ್ತಾಳೆ. ಗೋಡೆಯಂಥ ಏರನ್ನು ಆಡಿನಂತೆ ಹತ್ತುತ್ತಾಳೆ, ಹತ್ತುವಷ್ಟು ಹೊತ್ತೂ ಬೈಯುತ್ತಾಳೆ. ಅಂದು ನಮ್ಮ ಕ್ಲಾಸನ್ನು ಕರೆತಂದಿದ್ದ ಬಾಟನಿ ಮೇಷ್ಟ್ರನ್ನೂ ಬಿಡಲಿಲ್ಲ: "ಆ ಹೊಟ್ಟೇನ ಆಟೋದಾಗೇ ಇಟ್ಟು ಬರೋದಲ್ವಾ ಸಾರು." ಹತ್ತಲಾಗದವರು ಕೆಳಗಿಳಿಯಿರಿ ಎಂದು ಮೇಷ್ಟ್ರು ಮೊದಲೇ ಹೇಳಿದ್ದರು. ನನಗೆ ಉಬ್ಬಸ. ಅದನ್ನು ಯಾರಿಗೂ ಹೇಳದೆ, ಒಮ್ಮೆ ಕೂತರೂ ಇಳಿಸಿಬಿಡುತ್ತಾರೆಂಬ ಭಯದಲ್ಲಿ ಕೊನೆಯವಳಾಗಿ ಹತ್ತುತ್ತಿದ್ದೆ. ನನ್ನ ಉಸಿರು ಸೀಟಿ ಹೊಡೆದಾಗಲೆಲ್ಲ ಅವಳು ಬಂಡೆಯ ಮೇಲೆ ಕುಕ್ಕರಿಸಿ, "ತಡೀರಿ, ಎಲೆ ಹಾಕ್ಕಂತೀನಿ, ನಾನೇನು ನಿಮ್ಮಂಗೆ ಹುಡುಗೀನಾ" ಎಂದು ಇಡೀ ಕ್ಲಾಸನ್ನೇ ನಿಲ್ಲಿಸುತ್ತಿದ್ದಳು. ಎರಡು ಎಲೆ-ಅಡಿಕೆಯ ದಾರಿಯಲ್ಲಿ ಏಳು ಸಲ ನಿಲ್ಲಿಸಿದಳು. ಎಲ್ಲರ ಜೊತೆ ನಾನೂ ಜಲಪಾತದ ತಣ್ಣನೆಯ ನೀರಿಗೆ ತಲೆಯೊಡ್ಡಿ ನಿಂತಾಗ ಅವಳು ಬಾಯ್ತುಂಬ ನಕ್ಕಳು. ನಾಲಿಗೆಯ ಮೇಲೆ ಎಲೆಯ ಕೆಂಪೇ ಇರಲಿಲ್ಲ. ನಾನು ನೋಡಿದ್ದನ್ನು ಗಮನಿಸಿ ಮೆಲ್ಲಗೆ ಹೇಳಿದಳು: "ಎಲೆ ಬಿಟ್ಟು ಎಂಟು ವರ್ಷಾತು ಕಣಮ್ಮ, ಚೀಲ ಬಿಟ್ಟಿಲ್ಲ." ಅಷ್ಟು ನಯವಾಗಿ ನನ್ನ ಮಾನ ಕಾಪಾಡಿದವರು ಅವಳಿಗೆ ಮುಂಚೆ ಯಾರೂ ಇರಲಿಲ್ಲ. ಎಪ್ಪತ್ತು ದಾಟಿದ ಈರನಾಗಮ್ಮ ಈಗಲೂ ಶ್ರಾವಣದಲ್ಲಿ ಜನರನ್ನು ಆ ಗುಡ್ಡ ಹತ್ತಿಸುತ್ತಾಳೆ.