ರೀವಾ ಕೇಳಿದ ಇಂಜಿನ್

ಸ್ಪೈಸ್‌ಲಿಕ್ ಹಳ್ಳದಲ್ಲಿ ಸತ್ತವರೆಲ್ಲ ಕೊನೆಗೆ ಡೆಲ್ಮರ್ ಫ್ರೇಲಿಯ ಟ್ರಕ್ಕು ಹತ್ತಲೇಬೇಕಿತ್ತು. ಪಟ್ಟಣದಿಂದ ಬರುವ ಹೆಣದ ಕಾರು ಮಿರಮಿರ ಹೊಳೆಯುತ್ತ ಕೆಳಗಿನ ಸೇತುವೆಯ ತನಕ ಬಂದು ನಿಂತುಬಿಡುತ್ತಿತ್ತು. ಅಲ್ಲಿಂದ ಮುಂದೆ ಅದರ ಆಟ ನಡೆಯುವುದಿಲ್ಲ. ಕೆಂಟಕಿಯ ಆ ಬೆಟ್ಟಗಳಲ್ಲಿ ಹೂಳುವುದು ಗುಡ್ಡದ ನೆತ್ತಿಯ ಮೇಲೆ, ಅವರವರ ಮನೆತನದ ಜಾಗದಲ್ಲಿ. ಕೆಳಗಿರುವ ಚೂರುಪಾರು ಸಪಾಟು ನೆಲ ಮೆಕ್ಕೆಜೋಳ ಬೆಳೆಯಲಿಕ್ಕೇ ಸಾಲದು, ಅದನ್ನು ಸತ್ತವರಿಗೆ ಯಾರು ಬಿಟ್ಟುಕೊಟ್ಟಾರು?

ಡೆಲ್ಮರ್ ಮೀಸೆ ಮೂಡುವ ಮೊದಲೇ ಕಲ್ಲಿದ್ದಲಿನ ಗಣಿಗೆ ಇಳಿದವನು. ಗಣಿ ಕುಸಿದು ಬೆನ್ನು ಕೆಟ್ಟ ಮೇಲೆ ಹೊರಗೆ ಬಂದು ಟ್ರಕ್ಕು ಹಿಡಿದ. ಕಲ್ಲಿದ್ದಲು, ಹುಲ್ಲು, ಅಡಿಗೆ ಒಲೆ, ಮದುವೆ ಮನೆಯ ಮಂಚ, ಏನಿದ್ದರೂ ಸಾಗಿಸುತ್ತಿದ್ದ. ಹೆಣಕ್ಕೆ ಮಾತ್ರ ಅವನು ಯಾರನ್ನೂ ಬಾಡಿಗೆ ಕೇಳಿದವನಲ್ಲ. ಮಾತು ಕಡಿಮೆ. ಮನೆಯಲ್ಲಿ ಇಬ್ಬರ ಪಾಲಿನ ಮಾತನ್ನೂ ಹೆಂಡತಿ ರೀವಾ ಒಬ್ಬಳೇ ಆಡಿ ಮುಗಿಸುತ್ತಿದ್ದಳು. ಅವರಿಗೆ ಹುಟ್ಟಿದ ಒಂದೇ ಒಂದು ಗಂಡುಮಗು ಒಂದು ಚಳಿಗಾಲ ಬದುಕಿತ್ತು. ಅದೂ ಆ ನೆತ್ತಿಯ ಮೇಲೇ ಇತ್ತು, ದೇವದಾರು ಮರದ ಪಕ್ಕ.

ರೀವಾಳ ಚಿಕ್ಕಪ್ಪ ಕಾರ್ಬೆಟ್ ಹೋದಾಗ ನಡೆದದ್ದನ್ನು ಊರು ಮರೆತಿರಲಿಲ್ಲ. ಟ್ರಕ್ಕಿನ ಹಳೇ ಇಂಜಿನ್ನು ಆ ಹೊತ್ತಿಗಾಗಲೇ ಸವೆದು ಸಣ್ಣಗಾಗಿತ್ತು. ಬೀಚ್ ಮರದ ತಿರುವಿನಲ್ಲಿ, ಏರು ಎದೆಗೆ ಬಂದು ನಿಲ್ಲುವ ಕಡೆ, ಉಸಿರು ಕಟ್ಟಿ ನಿಂತಿತು. ಡೆಲ್ಮರ್ ಮತ್ತೆ ಚಾಲೂ ಮಾಡಿ, ಕಾಲು ಒತ್ತಿ, ಕ್ಲಚ್ ಬಿಟ್ಟ. ಟ್ರಕ್ಕು ಜಿಗಿಯಿತು. ಹಿಂದಿದ್ದ ಪೆಟ್ಟಿಗೆ ಹಿಡಿದವರ ಕೈ ತಪ್ಪಿ ಜಾರಿ ಹಿಂಬಾಗಿಲಿಗೆ ಧಡ್ಡನೆ ಬಡಿಯಿತು. ಕಾರ್ಬೆಟ್ಟನ ಹೆಂಡತಿ ಓಶೀ ಚಿಕ್ಕಮ್ಮ ಕಿರುಚಿದ್ದು ಆಚೆ ಗುಡ್ಡಕ್ಕೂ ಕೇಳಿಸಿತಂತೆ. ಒಮ್ಮೆ ಹೊರಟ ಟ್ರಕ್ಕನ್ನು ಮತ್ತೆ ನಿಲ್ಲಿಸುವ ಧೈರ್ಯ ಅವನಿಗಿರಲಿಲ್ಲ. ಒಂದೇ ಸಮ ಮೇಲಕ್ಕೆ ಓಡಿಸಿದ. ಹಾಡುತ್ತ ಹಿಂದೆ ಬರುತ್ತಿದ್ದವರು ಏದುಸಿರು ಬಿಡುತ್ತ ಹಿಂದುಳಿದರು. ಹಾಡು ಅರ್ಧಕ್ಕೇ ನಿಂತಿತು.

ಮುಂದಿನ ಚಳಿಗಾಲ ಲೆಕ್ಸಿಂಗ್ಟನ್ನಿನ ಡಾಕ್ಟರು ರೀವಾಳ ಹೊಟ್ಟೆಯೊಳಗಿನ ಗಡ್ಡೆಯ ವಿಷಯ ಹೇಳಿದರು, ಇನ್ನು ಹೆಚ್ಚು ದಿನ ಇಲ್ಲ ಅಂತಲೂ. ಮನೆಗೆ ಬಂದು ರೀವಾ ಬೀನ್ಸ್ ಬಿಸಿ ಮಾಡಿದಳು, ಮೆಕ್ಕೆಜೋಳದ ಬ್ರೆಡ್ಡನ್ನು ಮುರಿದು ಮಜ್ಜಿಗೆಯ ಲೋಟಕ್ಕೆ ಹಾಕಿ ಅವನ ಮುಂದಿಟ್ಟಳು.

"ಡೆಲ್ಮರ್, ನಿನ್ ಟ್ರಕ್ಕಿಗೊಂದು ಒಳ್ಳೇ ಇಂಜಿನ್ ಹಾಕ್ಸು."

ಅವನು ಚಮಚೆ ಕೆಳಗಿಟ್ಟ.

"ಕಾರ್ಬೆಟ್ ಚಿಕ್ಕಪ್ಪನ್ನ ಕುಲುಕಿದ ಹಾಗೆ ನನ್ನ ಕುಲುಕಬೇಡ. ಹಿಂದೆ ಬರೋರ್ನ ಓಡಿಸ್ಬೇಡ. ಆಮೇಲೆ ಇನ್ನೊಂದು. ಕಾಲಲ್ಲಿ ಶಕ್ತಿ ಇದ್ದಾಗ್ಲೇ ಒಂದ್ಸಲ ನನ್ನ ಮೇಲಕ್ಕೆ ಕರ್ಕೊಂಡ್ಹೋಗು. ಮಗೂ ಹತ್ರ ಒಂಚೂರು ಕೂತ್ಕೊಂಡು ಬರ್ತೀನಿ."

"ಹೂಂ," ಅಂದ ಡೆಲ್ಮರ್. ಲೋಟದಲ್ಲಿದ್ದುದು ಹಾಗೇ ಉಳಿಯಿತು.

ಮಾರನೆಯ ವಾರವೇ ಒಂದು ಇಂಜಿನ್ನು ಹುಡುಕಿ ತಂದ. ಹಳ್ಳಕ್ಕೆ ಉರುಳಿ ಮುರಿದುಹೋಗಿದ್ದ ಒಂದು ದೊಡ್ಡ ಲಾರಿಯದು, ದೊಡ್ಡ ಬ್ಲಾಕಿನದು, ನಾಲ್ಕು ಜನ ಸೇರಿದರೂ ಅಲುಗದಷ್ಟು ಭಾರ. ಅದನ್ನು ಪಟ್ಟಣದ ಅಂಚಿನಲ್ಲಿದ್ದ ಎಸ್ಟಿಲ್ ಗಿಬ್ಸನ್ನನ ಶೆಡ್ಡಿಗೆ ಒಯ್ದ. ಎಸ್ಟಿಲ್ ಇಂಜಿನ್ನು ಕೊರೆದು, ತಿಕ್ಕಿ, ಕಟ್ಟಿಕೊಡುವವನು. ಡೆಲ್ಮರ್‌ನ ಜೊತೆ ಗಣಿಯಲ್ಲಿ ಒಂದೇ ಪಾಳಿಯಲ್ಲಿ ದುಡಿದವನು. ಬಾಯಿ ಮಾತ್ರ ಬಲು ಹರಿತ.

"ಕುತ್ಕೋ. ಕಟ್ಟೋಕ್ ಮುಂಚೆ ನಂಗೆ ಗೊತ್ತಾಗ್ಬೇಕು. ಏನ್ ಎಳೀತೀಯ, ಎಂಥಾ ಏರು, ಎಷ್ಟು ಸ್ಪೀಡು. ಅಷ್ಟು ಹೇಳ್ಬಿಟ್ರೆ ಉಳಿದಿದ್ದೆಲ್ಲ ನಂಗ್ ಬಿಡು."

ಡೆಲ್ಮರ್ ತನ್ನ ಅಂಗೈ ನೋಡಿಕೊಂಡ. ರೀವಾಳ ವಿಷಯ ಬಾಯಿಬಿಟ್ಟು ಆಡಿದರೆ ಅಲ್ಲಿಗೆ ಅದು ನಿಜವಾಗಿಬಿಡುತ್ತದೆ ಅನ್ನಿಸಿತು.

"ದನದ ಟ್ರೈಲರು," ಅಂದ.

"ನಿನ್ ಹತ್ರ ದನ ಎಲ್ಲಿದ್ಯೋ?"

"ತಗೋತೀನಿ."

"ಓಡ್ಸೋದೆಲ್ಲಿ?"

"ಹೆದ್ದಾರೀಲಿ. ಸಂತೆಗೆ."

"ಬೆನ್ನು ಮುರ್ಕೊಂಡ ಮೇಲೆ ದನದ ಸಾಹುಕಾರ ಆಗೋಕೆ ಹೊರಟ್ಯಲ್ಲಪ್ಪ! ರೀವಾ ಒಪ್ಪಿದ್ಲಾ?"

"ಅವಳೇ ಹೇಳಿದ್ದು."

ಆ ಒಂದು ಮಾತು ಮಾತ್ರ ಸುಳ್ಳಾಗಿರಲಿಲ್ಲ.

ಎಸ್ಟಿಲ್ ಹೇಳಿದ ಕೆಲಸಕ್ಕೆ ತಕ್ಕ ಹಾಗೇ ಕಟ್ಟಿದ. ಇಂಜಿನ್ನಿನ ಹೊಟ್ಟೆಯೊಳಗೆ ಕ್ಯಾಮ್‌ಶಾಫ್ಟ್ ಅಂತ ಒಂದು ಗುಬುಟಿನ ದಂಡ ಇರುತ್ತದೆ. ಅದು ವಾಲ್ವುಗಳನ್ನು ಎಷ್ಟು ಹೊತ್ತು ತೆರೆದು ಹಿಡಿಯುತ್ತದೋ ಅದರ ಮೇಲೆ ಇಂಜಿನ್ನು ಓಡುವ ಕುದುರೆಯಾಗುತ್ತದೋ, ಉಳುವ ಹೇಸರಗತ್ತೆಯಾಗುತ್ತದೋ ತೀರ್ಮಾನವಾಗುವುದು. ಭಾರ ಹೇರಿಕೊಂಡು ಹೆದ್ದಾರಿಯಲ್ಲಿ ಓಡಲಿಕ್ಕೆ ಬೇಕಾದ ದಂಡ ಹಾಕಿದ, ಗಾಳಿ ಧಾರಾಳವಾಗಿ ಒಳಗೆ ಹೋಗುವ ಅಗಲ ದಾರಿಯ ಹೆಡ್ಡು ಹಾಕಿದ, ದೊಡ್ಡ ಕಾರ್ಬೊರೇಟರು ಹಾಕಿದ. ಚಾಲೂ ಮಾಡಿದಾಗ ಶೆಡ್ಡಿನ ತಗಡೆಲ್ಲ ನಡುಗಿತು. ರಸ್ತೆಯಲ್ಲಿ ಹೋಗುತ್ತಿದ್ದವರು ನಿಂತು ಕೇಳಿದರು. ಡೆಲ್ಮರ್‌ಗೂ, ನಿಜ ಹೇಳಬೇಕೆಂದರೆ, ಒಂದು ಗಳಿಗೆ ಎದೆ ಉಬ್ಬಿತು.

ಡಾಗ್‌ವುಡ್ ಮರಗಳು ಹೂಬಿಟ್ಟು ಗುಡ್ಡ ಬೆಳ್ಳಗಾದ ದಿನಗಳಲ್ಲಿ ರೀವಾಳನ್ನು ಕೌದಿಯಲ್ಲಿ ಸುತ್ತಿ ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಹೊರಟ. ಮಡಿಲಲ್ಲಿ ಅವಳು ಡಬ್ಬಿಯಲ್ಲಿ ನೆಟ್ಟ ಒಂದು ಹೂವಿನ ಗಿಡ ಇಟ್ಟುಕೊಂಡಿದ್ದಳು. ಸೇತುವೆ ದಾಟುವ ತನಕ ಎಲ್ಲ ಸೊಗಸು. ಏರು ಶುರುವಾದ ಮೇಲೆ ಎಲ್ಲಕ್ಕಿಂತ ನಿಧಾನದ ಅಜ್ಜಿ ಗೇರಿಗೆ ಹಾಕಿ ಕಾಲು ಸಡಿಲಿಸಿದ. ಇಂಜಿನ್ನು ತಡವರಿಸಿತು. ಕುಲುಕಿತು. ಕಾಲು ಒತ್ತಿದರೆ ನುಗ್ಗುತ್ತಿತ್ತು, ಬಿಟ್ಟರೆ ಕೆಮ್ಮುತ್ತಿತ್ತು, ನಡುವೆ ಅದಕ್ಕೆ ಏನೂ ಗೊತ್ತಿರಲಿಲ್ಲ.

"ಇದಕ್ಕೇನು ಬಿಕ್ಕಳಿಕೆ ಬಂದಿದ್ಯಾ?" ಅಂದಳು ರೀವಾ, ಹೊಟ್ಟೆ ಹಿಡಿದುಕೊಂಡು.

ಬೀಚ್ ಮರದ ತಿರುವಿನಲ್ಲಿ ಒಂದು ಜಿಗಿತಕ್ಕೆ ಅವಳ ಬಾಯಿಂದ ನೋವಿನ ಸದ್ದು ಬಂತು. ಮೂವತ್ತು ವರ್ಷದಲ್ಲಿ ಅವಳು ಅಂಥ ಸದ್ದು ಮಾಡಿದ್ದನ್ನು ಅವನು ಕೇಳಿರಲಿಲ್ಲ. ಬ್ರೇಕು ಹಿಡಿದ. ಹೂಗಿಡದ ಡಬ್ಬಿ ಮಗುಚಿ ಮಣ್ಣೆಲ್ಲ ಅವಳ ಕಾಲ ಮೇಲೆ ಚೆಲ್ಲಿತು.

"ಎಸ್ಟಿಲ್‌ಗೆ ಏನಂತ ಹೇಳಿದ್ದೆ ನೀನು?"

ಅವನು ಮುಂದಿನ ಗಾಜನ್ನೇ ನೋಡುತ್ತಿದ್ದ. "ದನದ ಟ್ರೈಲರು ಅಂತ."

ರೀವಾ ನಕ್ಕಳು. ನಕ್ಕರೆ ನೋವಾಯಿತು, ಆದರೂ ನಕ್ಕಳು. "ಅಯ್ಯೋ ನಿನ್ ಮುಖಕ್ಕೆ! ಕೊನೆಗೂ ನನ್ನ ದನ ಮಾಡ್ಬಿಟ್ಯಾ?" ಆಮೇಲೆ ಕಣ್ಣೊರೆಸಿಕೊಂಡು, "ತಿರುಗಿಸು ಗಾಡಿ. ನಂಗಾಗಲ್ಲ ಇವತ್ತು. ನೀನು ಹೋಗಿ ಅವನಿಗೆ ಇದ್ದಿದ್ದು ಇದ್ದ ಹಾಗೆ ಹೇಳು. ನಿನ್ ಕೈಲಾಗಲ್ಲ ಅಂದ್ರೆ ನಾನೇ ಫೋನ್ ಮಾಡ್ತೀನಿ. ನಂಗೇನು ನಾಚಿಕೆಯಾ?"

ಮಗುವಿನ ಗೋರಿ ಅಲ್ಲಿಂದ ಒಂದು ಕೂಗಿನಷ್ಟು ದೂರ ಇತ್ತು, ಅಷ್ಟೆ.

ಎಸ್ಟಿಲ್ ಅವನನ್ನು ಕಂಡವನೇ, "ಏನಪ್ಪಾ ಸಾಹುಕಾರ, ದನ ಬಂತಾ?" ಅಂದ.

"ಅವತ್ತು ಏನ್ ಎಳೀತೀಯ ಅಂತ ಕೇಳಿದ್ಯಲ್ಲ," ಅಂದ ಡೆಲ್ಮರ್. "ತೊಂಬತ್ತು ಪೌಂಡೂ ಇಲ್ಲ ಈಗ."

"ತೊಂಬತ್ತು ಪೌಂಡಿನ ದನ ಅದ್ಯಾವ್ದೋ..." ಅಂತ ಶುರುಮಾಡಿದ ಎಸ್ಟಿಲ್ ಅವನ ಮುಖ ನೋಡಿ ಅಲ್ಲೇ ನಿಲ್ಲಿಸಿದ. ಕೈಯಲ್ಲಿದ್ದ ಸ್ಪ್ಯಾನರನ್ನು ಬೆಂಚಿನ ಮೇಲೆ ಸದ್ದಾಗದ ಹಾಗೆ ಇಟ್ಟ. ಹೋಗಿ ಶೆಡ್ಡಿನ ಬಾಗಿಲು ಎಳೆದು ಬಂದ.

"ರೀವಾನಾ?"

"ಹೂಂ."

"ಮೊದಲೇ ಹೇಳೋಕೆ ಏನಾಗಿತ್ತೋ ನಿಂಗೆ, ಹಾಳಾದೋನೆ!" ಎಸ್ಟಿಲ್‌ನ ದನಿ ಸಿಟ್ಟಿನದಾಗಿತ್ತು, ಕಣ್ಣು ಸಿಟ್ಟಿನದಾಗಿರಲಿಲ್ಲ. ಒಂದು ಡಬ್ಬದ ಮೇಲೆ ಕೂತು ಮೂಗು ಒರೆಸಿಕೊಂಡ. "ಆಯ್ತು. ಏರು ಯಾವ್ದು ಅಂತ ಗೊತ್ತಾಯ್ತು. ಸ್ಪೀಡು?"

"ಓಶೀ ಚಿಕ್ಕಮ್ಮ ನಡೆಯೋಷ್ಟು. ಹಾಡ್ತಾ ನಡೆಯೋಷ್ಟು."

"ಹಾಗಾದ್ರೆ ನಾನು ಹಾಕಿದ್ದೆಲ್ಲ ಬಿಚ್ಚಿ ಬಿಸಾಕ್ಬೇಕು."

ಬಿಚ್ಚಿದರು. ಇಬ್ಬರೂ ಸೇರಿ ಮತ್ತೆ ಮೊದಲಿಂದ ಯೋಚಿಸಿದರು. ಈ ಸಲ ಎಲ್ಲವೂ ಸಣ್ಣದು. ವಾಲ್ವನ್ನು ಬೇಗ ಮುಚ್ಚಿಬಿಡುವ ಗಿಡ್ಡ ಗುಬುಟಿನ ದಂಡ. ಗಾಳಿ ಇಕ್ಕಟ್ಟಿನಲ್ಲಿ ಬಿರುಸಾಗಿ ನುಗ್ಗಲಿ ಅಂತ ಹಳೇ ಸ್ಕೂಲ್ ಬಸ್ಸಿನಿಂದ ತೆಗೆದ ಕಿರಿದಾರಿಯ ಹೆಡ್ಡು. ಸಣ್ಣ ಕಾರ್ಬೊರೇಟರು. ದೊಡ್ಡದು ಅಂದರೆ ಫ್ಲೈವೀಲ್ ಅನ್ನುವ ಚಕ್ರ ಒಂದೇ. ಮಣ್ಣು ಹೊರುವ ಲಾರಿಯದು, ಬೀಡುಕಬ್ಬಿಣದ್ದು, ಗಾಣದ ಕಲ್ಲಿನ ಹಾಗೆ. ಒಮ್ಮೆ ತಿರುಗಲು ಹಿಡಿದರೆ ನಿಲ್ಲಲು ಒಪ್ಪದಂಥದು.

"ಇದು ಗುಟುರು ಹಾಕಲ್ಲ ನೋಡು," ಅಂದ ಎಸ್ಟಿಲ್. "ದೊಡ್ಡ ಬ್ಲಾಕು ಹಾಕ್ಸಿ ಹೊಲಿಗೆ ಮಿಶಿನ್ ಮಾಡ್ಕೊಂಡ ಅಂತ ಜನ ನಗ್ತಾರೆ."

"ನಗ್ಲಿ."

ಗುಟ್ಟು ಹೊರಗೆ ಬಿದ್ದ ಮೇಲೆ ಮನೆಯಲ್ಲೂ ಮಾತು ಸಲೀಸಾಯಿತು. ರಾತ್ರಿ ಊಟಕ್ಕೆ ಬಂದವನನ್ನು ರೀವಾ ಮಂಚದಿಂದಲೇ ವಿಚಾರಿಸುತ್ತಿದ್ದಳು. ಇವತ್ತು ಏನು ಕೂರಿಸಿದಿರಿ, ಅದು ಯಾಕೆ, ಅದಿಲ್ಲದಿದ್ದರೆ ಏನಾಗುತ್ತೆ. ಆಮೇಲೆ ಅದೇ ಉಸಿರಿನಲ್ಲಿ, ಪೆಟ್ಟಿಗೆ ಹಿಡಿಯಲು ಹಿಂದೆ ಯಾರ್‍ಯಾರು ಕೂರಬೇಕು, ಜನ ಹಿಂದೆ ಹಾಡುವ ಹಾಗೆ ಹಾಡನ್ನು ಸಾಲುಸಾಲಾಗಿ ಯಾರು ಎತ್ತಿಕೊಡಬೇಕು.

"ನಮ್ ಚರ್ಚಿನ ಬ್ರದರ್ ಟಾಲ್ಬರ್ಟ್ ಬೇಡ. ಅವನು ಸಾಲು ಎಳೆದೂ ಎಳೆದೂ ನಾನು ಎದ್ದು ಕೂತ್ಬಿಟ್ಟೇನು. ಓಶೀ ಚಿಕ್ಕಮ್ಮ ಹೇಳಲಿ."

ಡೆಲ್ಮರ್ ಉತ್ತರ ಕೊಡುತ್ತಿದ್ದ. ಮದುವೆಯಾದ ಮೇಲೆ ಅವನು ಅಷ್ಟು ಮಾತಾಡಿದ್ದು ಅದೇ ಮೊದಲು ಅಂತ ರೀವಾ ಚಿಕ್ಕಮ್ಮನ ಹತ್ತಿರ ಹೇಳಿಕೊಂಡಳಂತೆ. ಇಷ್ಟು ಮಾತು ಎಲ್ಲಿ ಬಚ್ಚಿಟ್ಟಿದ್ದನೋ ಪುಣ್ಯಾತ್ಮ, ಮೊದಲೇ ಗೊತ್ತಿದ್ದರೆ ಮೊದಲೇ ಕಾಯಿಲೆ ಬೀಳುತ್ತಿದ್ದೆ, ಅಂದಳಂತೆ.

ಆದರೆ ಎರಡನೆಯ ಸಲದ ಕೆಲಸ ಮುಗಿಯುವ ಹೊತ್ತಿಗೆ ಹೂವೆಲ್ಲ ಉದುರಿ, ಬಳ್ಳಿ ಬೀನ್ಸು ಕೋಲಿನ ತುದಿ ಮುಟ್ಟಿ, ಬಿಸಿಲು ಏರಿತ್ತು. ಟ್ರಕ್ಕನ್ನು ಅಂಗಳಕ್ಕೆ ತಂದು ನಿಲ್ಲಿಸಿದ ದಿನ ಡೆಲ್ಮರ್ ಒಳಗೆ ಹೋಗಿ, "ಬಾ, ಹೋಗೋಣ," ಅಂದ. ಬೆನ್ನ ಹಿಂದೆ ಕೈ ಕೊಟ್ಟು ಎಬ್ಬಿಸಲು ನೋಡಿದ. ದಿಂಬಿನಿಂದ ತಲೆ ಎತ್ತುವಷ್ಟರಲ್ಲೇ ಅವಳ ಮುಖ ಬಿಳಿಚಿಕೊಂಡಿತು.

"ಬೇಡ ಕಣೋ, ಬಿಡು," ಅಂದಳು. "ಹೇಗೂ ಹೋಗೋಳೇ ಅಲ್ವಾ ನಾನು."

ಅವನು ತಲೆ ತಗ್ಗಿಸಿ ನಿಂತ. ದನ ಅಂದ ಆ ಒಂದು ಮಾತು ಒಂದು ಇಡೀ ವಸಂತವನ್ನು ನುಂಗಿತ್ತು. ಅವಳು ಅದನ್ನು ಒಂದು ಸಲವೂ ಎತ್ತಿ ಆಡಲಿಲ್ಲ. ಆಡಿಬಿಟ್ಟಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

"ಚಿಕ್ಕಮ್ಮನ್ನ ಮುಂದೆ ನಡೆಸ್ಕೊಂಡು ಹತ್ತಿಸಿ ನೋಡು. ನಾನು ಇಲ್ಲಿಂದ್ಲೇ ಕೇಳಿಸ್ಕೋತೀನಿ."

ಕಿಟಕಿ ತೆರೆದಿಟ್ಟು ಹೋದರು. ಓಶೀ ಚಿಕ್ಕಮ್ಮ ತಲೆಗೆ ಬಿಸಿಲು ಟೋಪಿ ಬಿಗಿದುಕೊಂಡು, ಕೋಲೂರಿಕೊಂಡು ಮುಂದೆ. ಟ್ರಕ್ಕು ಹಿಂದೆ. ಎಸ್ಟಿಲ್ ಪಕ್ಕದಲ್ಲಿ ಕಿವಿಗೊಟ್ಟು ನಡೆಯುತ್ತಿದ್ದ.

"ಇನ್ನೂ ಮೆಲ್ಲಗೆ! ನನ್ನೂ ಇವತ್ತೇ ಹೂಳ್ಬೇಕಂತಿದ್ಯಾ?" ಅಂತ ಮುದುಕಿ ಹಿಂದಿರುಗಿ ಬೈದಳು.

ಡೆಲ್ಮರ್ ಎರಡೂ ಕಾಲನ್ನು ಪೆಡಲಿನಿಂದ ತೆಗೆದು ನೆಲಕ್ಕೆ ಇಟ್ಟುಕೊಂಡ. ಟ್ರಕ್ಕು ತಾನೇ ತಾನಾಗಿ, ಅಳುಕದೆ ಉಬ್ಬಸಪಡದೆ, ಬೀಚ್ ಮರದ ತಿರುವು ಹತ್ತಿತು. ಇಳಿದು ಬಂದಾಗ ರೀವಾ ಕಣ್ಣು ಮುಚ್ಚಿಕೊಂಡಿದ್ದಳು.

"ಹತ್ತಿತಾ? ಏನೂ ಕೇಳಿಸ್ಲೇ ಇಲ್ವಲ್ಲೋ."

"ಹತ್ತಿತು."

"ಸರಿ ಹಾಗಾದ್ರೆ," ಅಂದಳು.

ಬೀನ್ಸು ಕೀಳುವ ಹೊತ್ತಿಗೆ ರೀವಾ ಹೋದಳು. ಹೆಣದ ಕಾರು ಸೇತುವೆಯ ಹತ್ತಿರ ನಿಂತಿತು. ಪೆಟ್ಟಿಗೆಯನ್ನು ಟ್ರಕ್ಕಿಗೆ ಏರಿಸಿ, ಅವಳು ಹೆಸರಿಸಿದ್ದ ನಾಲ್ವರು ಎರಡೂ ಕಡೆ ಕೂತರು. ಎಸ್ಟಿಲ್ ಅವರಲ್ಲಿ ಒಬ್ಬ. ಅಂಥ ಹೊತ್ತಿನಲ್ಲಿ ಗಂಡನಾದವನು ಹಿಂದೆ ನಡೆಯುವುದು ರೂಢಿ, ಟ್ರಕ್ಕನ್ನು ನಾನು ಓಡಿಸುತ್ತೇನೆ ಅಂತ ಬ್ರದರ್ ಟಾಲ್ಬರ್ಟ್ ಮುಂದೆ ಬಂದ. ಡೆಲ್ಮರ್ ಬೀಗದ ಕೈ ಕೊಡಲಿಲ್ಲ.

ಓಶೀ ಚಿಕ್ಕಮ್ಮ ಒಂದು ಸಾಲು ಎತ್ತಿಕೊಟ್ಟಳು, ಜನ ಅದನ್ನು ಎಳೆದು ಎಳೆದು ಹಾಡಿದರು. ಮತ್ತೊಂದು ಸಾಲು. ಟ್ರಕ್ಕು ಅವರ ಹೆಜ್ಜೆಗೆ ಹೆಜ್ಜೆ ಕೊಟ್ಟು ಏರುತ್ತಿತ್ತು. ಪೆಟ್ಟಿಗೆಯ ಮೇಲಿಟ್ಟ ಹೂವು ಅಲುಗಲಿಲ್ಲ. ಹಿಡಿದವರು ಹಿಡಿಯಬೇಕಾಗಿಯೇ ಬರಲಿಲ್ಲ. ಯಾರೂ ಹಿಂದುಳಿಯಲಿಲ್ಲ, ಕಂಕುಳಲ್ಲಿ ಕೂಸಿದ್ದವರೂ.

ಆ ಗುಡ್ಡಕ್ಕೆ ಅವನು ಎಷ್ಟು ಜನರನ್ನು ಹೊತ್ತಿದ್ದನೋ. ಯಾವತ್ತೂ ಹಾಡು ಅವನ ಕಿವಿಗೆ ಬಿದ್ದಿರಲಿಲ್ಲ. ಹಳೇ ಇಂಜಿನ್ನಿನ ಒದ್ದಾಟದಲ್ಲಿ ಏನೂ ಕೇಳಿಸುತ್ತಿರಲಿಲ್ಲ. ತನ್ನ ಅಪ್ಪನನ್ನು ಒಯ್ದ ದಿನ ಅದೇ ಗದ್ದಲದೊಳಗೆ ಅವನು ಗಂಟಲು ಬಿಟ್ಟು ಅತ್ತಿದ್ದ, ಹಿಂದೆ ಬಂದವರಲ್ಲಿ ಒಬ್ಬರಿಗೂ ತಿಳಿಯಲಿಲ್ಲ. ಇವತ್ತು ಪ್ರತಿಯೊಂದು ಸಾಲೂ ಕ್ಯಾಬಿನ್ನಿನೊಳಗೆ ಬಂದು ಅವನ ಪಕ್ಕದ ಖಾಲಿ ಸೀಟಿನಲ್ಲಿ ಕೂರುತ್ತಿತ್ತು. ಬೀಚ್ ಮರದ ತನಕ ಹಲ್ಲು ಕಚ್ಚಿ ತಡೆದ. ತಿರುವು ಹತ್ತುವಾಗ ತಡೆಯಲಾಗಲಿಲ್ಲ.

ಹಿಂದೆ ಬರುತ್ತಿದ್ದವರೆಲ್ಲರಿಗೂ ಅದು ಕೇಳಿಸಿತು. ಗಣಿ ಕುಸಿದಾಗಲೂ ಬಾಯಿಬಿಡದ ಆ ದೊಡ್ಡ ಗಂಡಸು ಕರುವಿನ ಹಾಗೆ ಕೂಗುತ್ತಿದ್ದುದು ತೆರೆದ ಕಿಟಕಿಯಿಂದ ಗುಡ್ಡಕ್ಕೆಲ್ಲ ಹರಡಿತು. ಹಾಡುವವರ ದನಿ ನಡುಗಿತು, ಸಾಲು ಮುರಿಯುವ ಹಾಗಾಯಿತು. ಆಗ ಓಶೀ ಚಿಕ್ಕಮ್ಮ ಕೋಲು ನೆಲಕ್ಕೆ ಕುಟ್ಟಿ, ಇದ್ದಬದ್ದ ಉಸಿರೆಲ್ಲ ಒಟ್ಟುಮಾಡಿ ಮುಂದಿನ ಸಾಲನ್ನು ಕಿರುಚಿದಂತೆ ಎತ್ತಿದಳು. ಜನ ಅರ್ಥಮಾಡಿಕೊಂಡರು. ಅವನ ಅಳು ಮುಳುಗುವ ತನಕ ಗಟ್ಟಿಯಾಗಿ, ಇನ್ನೂ ಗಟ್ಟಿಯಾಗಿ ಹಾಡುತ್ತ, ಟ್ರಕ್ಕಿನ ಹಿಂದೆ ಗುಡ್ಡ ಹತ್ತಿದರು.