ಖಾಲಿ ಬಂದ "ಇವರು" ಫೋಲ್ಡರ್

ಫೋಲ್ಡರ್ ತೆರೆದೆ. ಒಳಗೆ ಒಂದೂ ಮೇಲ್ ಇಲ್ಲ.

ಮುಚ್ಚಿ ಮತ್ತೆ ತೆರೆದೆ. ಕಂಪ್ಯೂಟರ್ ಆಫ್ ಮಾಡಿ ಆನ್ ಮಾಡಿದೆ. ಇಲ್ಲ...

ನನ್ನ ಗಂಡ ತೀರಿಕೊಂಡು ಅವತ್ತಿಗೆ ಎರಡು ವರ್ಷ. ಬೆಳಗ್ಗೆ ಇವರ ಫೋಟೋಕ್ಕೆ ವಿಭೂತಿ ಹಚ್ಚಿ, ಹೂ ಹಾಕಿ ಬಂದು ಕೂತಿದ್ದೆ. ಇವರ ಹಳೇ ಮೇಲ್ ಓದೋದನ್ನ ಆ ದಿನಕ್ಕೇ ಅಂತ ಎತ್ತಿಟ್ಟುಕೊಂಡಿದ್ದೆ. ಅದಕ್ಕೂ ಮೊದಲು ಓದೋ ಧೈರ್ಯ ನನಗಿರಲಿಲ್ಲ.

ಮೊದಲಿಂದ ಹೇಳ್ತೀನಿ.

ಇವರು ಮಳಖೇಡದಲ್ಲಿ ಸಿಮೆಂಟ್ ಕಾರ್ಖಾನೆ ಕೆಲಸದಲ್ಲಿದ್ದವರು. ಮದುವೆಯಾದ ಮೇಲೆ ನಾಲ್ಕು ವರ್ಷ ಅದೇ ಕೆಲಸಕ್ಕೆ ಓಮಾನ್‌ಗೆ ಹೋದರು. ಫೋನ್ ಭಾಳ ದುಬಾರಿ ಇದ್ದ ಕಾಲ, ಹಾಗಾಗಿ ಶಿಫ್ಟ್ ಮುಗಿಸಿ ಬಂದು ಮೇಲ್ ಬರೀತಿದ್ದರು. ಶಹಾಬಾದಿನಲ್ಲಿ ನಮ್ಮದೊಂದು, ನೆಲಕ್ಕೆ ಹಾಸೋ ಫರಸಿ ಕಲ್ಲು ಪಾಲಿಶ್ ಮಾಡೋ ಯೂನಿಟ್ ಇದೆ, ಅದರ ಆಫೀಸ್ ಕಂಪ್ಯೂಟರಿನಲ್ಲಿ ಕೂತು ನಾನು ಓದ್ತಿದ್ದೆ.

ಮನೆಯಲ್ಲಿ ಇವರು ಮಾತಿಗೆ ಭಾಳ ಜಿಪುಣ. "ಉಂಡಿ?" "ಬರ್ತೀನಿ." ಅಷ್ಟೇ, ಮುಗೀತು.

ಮೇಲ್‌ನಲ್ಲಿ ಮಾತ್ರ ಬೇರೆಯೇ ಮನುಷ್ಯ! ರೊಟ್ಟಿ ಬಡಿಯಲು ಹೋಗಿ ರೂಮಿನವರನ್ನೆಲ್ಲ ಉಪವಾಸ ಕೆಡವಿದ್ದು, ಭಟ್ಟಿಯ ಬಿಸಿಗೆ ನಮ್ಮ ಕಾಗಿಣಾ ಹೊಳೆ ನೀರು ನೆನಪಾಗೋದು, ನನ್ನ ಮೇಲಿನ ಸಿಟ್ಟು, ಮರುದಿನ ಅದಕ್ಕೊಂದು ಕ್ಷಮೆ... ಬಾಯಲ್ಲಿ ಒಮ್ಮೆಯೂ ಹೇಳದ್ದನ್ನೆಲ್ಲ ಇಂಗ್ಲಿಷ್ ಅಕ್ಷರದ ಕನ್ನಡದಲ್ಲಿ ಪುಟಗಟ್ಟಲೆ ಬರೀತಿದ್ದರು. ನನ್ನ ಜೊತೆ ಮನಸ್ಸು ಬಿಚ್ಚಿ ಮಾತಾಡಿದ ಗಂಡ ಇದ್ದದ್ದು ಆ ಮೇಲ್‌ಗಳಲ್ಲೇ.

ಮೇಲ್ ಒಮ್ಮೆ ನಮ್ಮ ಕಂಪ್ಯೂಟರಿಗೆ ಇಳಿದರೆ ಸರ್ವರ್‌ನಲ್ಲಿ ಉಳಿಯದ ಹಾಗೆ ಆಗ ಸೆಟ್ಟಿಂಗ್ ಇತ್ತು. ಇವರು ಬರೀತಿದ್ದ ಕಂಪನಿ ಮೇಲ್ ಖಾತೆಯೂ ಓಮಾನ್ ಕೆಲಸ ಬಿಟ್ಟಾಗಲೇ ಮುಚ್ಚಿಹೋಗಿತ್ತು. ಅಂದರೆ ಇದ್ದದ್ದು ಅದೊಂದೇ ಪ್ರತಿ.

ಆಫೀಸಿನ ಫೋಲ್ಡರ್‌ಗಳಿಗೆಲ್ಲ ಇಂಗ್ಲಿಷ್ ಹೆಸರು. ಆರ್ಡರ್ಸ್, ಟ್ರಾನ್ಸ್‌ಪೋರ್ಟ್, ಟ್ಯಾಕ್ಸ್. ಇವರ ಮೇಲ್ ಇಡೋ ಫೋಲ್ಡರಿಗೆ ಏನಂತ ಹೆಸರಿಡಲಿ? ಗಂಡನ ಹೆಸರು ನಾವು ಬಾಯಿಬಿಟ್ಟು ಹೇಳಲ್ಲ, ಟೈಪ್ ಮಾಡಲೂ ಕೈ ಬರಲಿಲ್ಲ. ಹಸ್ಬೆಂಡ್ ಅಂತ ಹಾಕಿದರೆ ರೇಷನ್ ಕಾರ್ಡ್ ಫಾರ್ಮ್ ತುಂಬಿದ ಹಾಗಿರುತ್ತೆ. ಕೊನೆಗೆ ಕನ್ನಡದಲ್ಲಿ "ಇವರು" ಅಂತ ಬರೆದೆ.

ಹೋದ ತಿಂಗಳು ಆ ಕಂಪ್ಯೂಟರ್ ಇನ್ನೇನು ಕೈಕೊಡೋ ಸ್ಥಿತಿಗೆ ಬಂತು. ಹೊಸದು ತಂದೆ. ಹಳೇ ಮೇಲ್ ಪ್ರೋಗ್ರಾಂ ಹೊಸದರಲ್ಲಿ ನಡೆಯಲ್ಲ, ಹಾಗಾಗಿ ಎಲ್ಲವನ್ನೂ ಬೇರೆ ಪ್ರೋಗ್ರಾಂಗೆ ಸಾಗಿಸಬೇಕಿತ್ತು. ನಮ್ಮ ಕಂಪ್ಯೂಟರ್ ರಿಪೇರಿ ಮಾಡೋ ಖಾಲಿದ್ ಭಾಯಿ ಹೇಗೆ ಅಂತ ತೋರಿಸಿಕೊಟ್ಟರು. ಎರಡು ಮಧ್ಯಾಹ್ನ ಕೂತು ನಾನೇ ಮಾಡಿದೆ.

ಆರ್ಡರ್ಸ್ ತೆರೆದು ನೋಡಿದೆ, ಸರಿ. ಟ್ಯಾಕ್ಸ್ ನೋಡಿದೆ, ಸರಿ. "ಇವರು" ಇರಬೇಕಾದ ಜಾಗದಲ್ಲಿ ಮಾತ್ರ ನಾಲ್ಕು ಪ್ರಶ್ನೆ ಚಿಹ್ನೆ ಕೂತಿದ್ದವು.

ಹೊಸದಕ್ಕೆ ಕನ್ನಡ ಓದಲು ಬರಲ್ಲ ಅಂದುಕೊಂಡು, ನಾನೇ ಮತ್ತೆ "ಇವರು" ಅಂತ ಹೆಸರು ಬರೆದೆ. ಒಳಗೆ ನೋಡಲಿಲ್ಲ. ಆ ದಿನಕ್ಕೆ ಅಂತ ಇಟ್ಟಿದ್ದೆನಲ್ಲ...

ಹಳೇ ಕಂಪ್ಯೂಟರಿಗೆ ಬೇಕಾದ ಪಾರ್ಟ್ ಹಾಕಿ ರಾವೂರಿನ ಶಾಲೆಗೆ ಕೊಡೋದು ಅಂತಾಯ್ತು. ಕೊಡುವ ಮುಂಚೆ ಖಾಲಿದ್ ಭಾಯಿ ಕೇಳಿದರು.

"ಅಕ್ಕಾರ, ಎಲ್ಲಾ ಬಂದಾವೇನ್ ನೋಡೀರಿ? ಒಮ್ಮೆ ಅಳಿಸಿದ್ರ ಮುಗೀತು ನೋಡ್ರಿ."

"ಎಲ್ಲಾ ನೋಡೀನಿ ಭಾಯಿ. ಸಾಫ್ ಮಾಡ್ರಿ."

ನನ್ನ ಬಾಯಿಂದಲೇ ಬಂದ ಮಾತು ಇದು. ಯಾರನ್ನ ಬೈಯಲಿ?

ಖಾಲಿ ಫೋಲ್ಡರ್ ಕಂಡ ದಿನ ನೇರ ಅವರ ಅಂಗಡಿಗೆ ಓಡಿದೆ. ಅವರು ಕೆಲಸ ಬಿಟ್ಟು ರಾವೂರಿಗೆ ಹೋಗಿ ಡಿಸ್ಕ್ ಬಿಚ್ಚಿ ತಂದರು. ಅಷ್ಟರಲ್ಲಿ ಅದರ ಮೇಲೆ ಶಾಲೆಯ ಪಾಠದ ವಿಡಿಯೋ ತುಂಬಿಬಿಟ್ಟಿದ್ದರು.

"ಕನ್ನಡ ಹೆಸರು ಅದಕ್ಕ ತಿಳೀಲಿಲ್ರಿ, ಪ್ರಶ್ನೆ ಚಿಹ್ನೆ ಮಾಡ್ಯದ. ಆ ಚಿಹ್ನೆ ಇದ್ದ ಹೆಸರಿಲೆ ಕಂಪ್ಯೂಟರ್ ಫೈಲ್ ಮಾಡಂಗಿಲ್ಲ. ಖಾಲಿ ಡಬ್ಬಿ ಇಟ್ಟು ಮುಂದ್ ಹೋಗ್ಯದ" ಅಂದರು.

ಅಳಿಸಿದ್ದನ್ನ ಹುಡುಕೋ ಸಾಫ್ಟ್‌ವೇರ್ ಹಾಕಿ ದಿನವಿಡೀ ಕೂತರು. ನಾನು ಎದುರಿನ ಸ್ಟೂಲ್ ಮೇಲೆ. ಕೊನೆಗೆ ಕೇಳಿದರು.

"ಅಣ್ಣಾರ ಪೂರಾ ಹೆಸರು ಹೇಳ್ರಿ ಅಕ್ಕಾರ. ಹೆಸರಿನ ಮ್ಯಾಲ ಹುಡುಕಿ ನೋಡ್ತೀನಿ."

ಮದುವೆಯಲ್ಲಿ ಎಲ್ಲರೂ ಸೇರಿ ಕಾಡಿ, ಗಂಡನ ಹೆಸರು ಸೇರಿಸಿ ಹೇಳಿಸಿದ ಒಡಪು ಬಿಟ್ಟರೆ ನಾನು ಆ ಹೆಸರನ್ನ ಬಾಯಲ್ಲಿ ಆಡಿದವಳೇ ಅಲ್ಲ. ಆದರೂ ಹೇಳಿದೆ.

ಅವರು ಟೈಪ್ ಮಾಡಿದರು. ಇಬ್ಬರೂ ಸ್ಕ್ರೀನ್ ನೋಡ್ತಾ ಕೂತೆವು.

"ಏನೂ ಇಲ್ರಿ ಅಕ್ಕಾರ... ಮಾಫ್ ಮಾಡ್ರಿ."

ಅವರದೇನು ತಪ್ಪು? ಅಲ್ಲೇ ಅಂಗಡಿಯಲ್ಲಿ ಜನರ ಮುಂದೆ ಅತ್ತುಬಿಟ್ಟೆ. ಇವರು ಹೋದ ದಿನವೂ ನಾನು ಹಾಗೆ ಅತ್ತಿರಲಿಲ್ಲ.

ಈಗ ನನ್ನ ಹತ್ತಿರ ಉಳಿದದ್ದು, ನಾನು ಕಳಿಸಿದ ಮೇಲ್ ಇರೋ ಸೆಂಟ್ ಫೋಲ್ಡರ್ ಒಂದೇ. ಅದರ ಹೆಸರು ಇಂಗ್ಲಿಷ್, ಒಂದೂ ಮೇಲ್ ಬಿಡದೆ ಬಂದಿದೆ. ನಾನು ಇವರಿಗೆ ಬರೆದ ಉತ್ತರಗಳೆಲ್ಲ ಇವೆ.

ಉತ್ತರದ ಕೆಳಗೆ ಇವರು ಬರೆದದ್ದೂ ಇರಬೇಕಿತ್ತು. ಆದರೆ ಆಗಿನ ಇಂಟರ್ನೆಟ್ ಭಾಳ ನಿಧಾನ. ಮೇಲ್ ಹಗುರಾಗಲಿ ಅಂತ ಅದನ್ನ ಪ್ರತಿ ಸಲ ಅಳಿಸಿಯೇ ಕಳಿಸ್ತಿದ್ದೆ.

ದಿನಾ ಒಂದೊಂದು ತೆರೆದು ಓದ್ತಿದ್ದೀನಿ. "ಆಯ್ತು, ಹಂಗೇ ಮಾಡ್ತೀನಿ." "ಇಲ್ಲ, ನನಗ ಸಿಟ್ಟಿಲ್ಲ." ಯಾವುದಕ್ಕೆ ಆಯ್ತು ಅಂದೆ, ಯಾತಕ್ಕೆ ಸಿಟ್ಟಿಲ್ಲ ಅಂದೆ, ಒಂದೂ ನೆನಪಿಲ್ಲ.

ಇವತ್ತು ತೆರೆದದ್ದರಲ್ಲಿ ಒಂದೇ ಸಾಲು: "ನೀವು ಬರೆದದ್ದು ಓದಿ ನಕ್ಕು ನಕ್ಕು ಕಣ್ಣಾಗ ನೀರು ಬಂತು ನೋಡ್ರಿ."

ಏನು ಬರೆದಿದ್ದರು ಇವರು, ನಾನು ಅಷ್ಟೊಂದು ನಗೋ ಹಾಗೆ?