ಅಕ್ಕನ ನಲವತ್ತೆರಡು ಕಿಲೋ

ಎರಡು ವರ್ಷ ಫೋನಿನಲ್ಲಿ ಕ್ಯಾಲೊರಿ ಬರೆದಿಟ್ಟವಳು ನಾನು. ತೆಳ್ಳಗಾದವಳು ನನ್ನಕ್ಕ.

ಮೂಡಲಗಿಯಲ್ಲಿ ನಮ್ಮ ಬಳಗದ ಮಗುವೊಂದರ ನಾಮಕರಣ. ಯಮಕನಮರಡಿಯಿಂದ ಬಂದಿದ್ದ ಅಕ್ಕನನ್ನು ನೋಡಿ ನನಗೆ ಹೊಟ್ಟೆಕಿಚ್ಚಾಯಿತು (ಸುಳ್ಳೇಕೆ ಹೇಳಲಿ?). ರವಿಕೆ ಸಡಿಲವಾಗಿತ್ತು. ಸೊಂಟ ಕಾಲೇಜು ಹುಡುಗಿಯದರಂತಿತ್ತು.

"ಅಕ್ಕಾ, ಏನ್ ಡಯಟ್ ಮಾಡಾಕತ್ತಿ? ನನಗೂ ಹೇಳ."

"ಡಯಟ್ ಎಲ್ಲಿದವ್ವಾ, ಹಸಿವೇ ಆಗವಲ್ದು," ಎಂದು ನಕ್ಕಳು.

ಎಂಥ ಪುಣ್ಯವಂತೆ ಎಂದುಕೊಂಡೆ! ಸುತ್ತಲಿದ್ದ ಹೆಂಗಸರೂ ಹೊಗಳಿದರು. ಹಸಿವು ಯಾಕಿಲ್ಲ ಎಂದು ಒಬ್ಬರಾದರೂ ಕೇಳಬಾರದಿತ್ತೇ? ಒಡಹುಟ್ಟಿದ ನಾನೇ ಕೇಳಲಿಲ್ಲ.

ಎರಡು ತಿಂಗಳ ನಂತರ ಗೊತ್ತಾಯಿತು, ಜಠರದಲ್ಲಿ ಗಡ್ಡೆ. ತೂಕ ಮೂವತ್ತೆಂಟು ಕಿಲೋ.

"ಈಗ ಮೈ ತಡಕೊಳ್ಳೂದಿಲ್ರಿ. ನಲವತ್ತೆರಡಕ್ಕ ಬರ್ಲಿ, ಆಮ್ಯಾಲೆ ಆಪರೇಷನ್ ನೋಡೂಣು," ಎಂದರು ಡಾಕ್ಟರು.

ಅಕ್ಕನನ್ನು ಗೋಕಾಕದ ನಮ್ಮ ಮನೆಗೆ ಕರೆತಂದೆ. ತೂಕ ಇಳಿಸಲು ಇಟ್ಟುಕೊಂಡಿದ್ದ ಅದೇ ಆ್ಯಪ್‌ನಲ್ಲಿ 'ತೂಕ ಏರಿಸು' ಎಂದು ಒತ್ತಿದೆ. ಎರಡು ತಾಸಿಗೊಮ್ಮೆ ತುಪ್ಪ ಹಾಕಿದ ಗಂಜಿ, ಬಾಳೆಹಣ್ಣು ಕಿವುಚಿದ ಹಾಲು. ನಾಲ್ಕು ಚಮಚಕ್ಕೆ ಅವಳು ತಟ್ಟೆ ಸರಿಸುತ್ತಾಳೆ. ನಾನು ಗದರುತ್ತೇನೆ. (ಹೌದು, ಕಾಯಿಲೆಯವಳನ್ನು ಗದರುತ್ತೇನೆ.) ಒಮ್ಮೆ ಬಾಯಲ್ಲಿ ತುತ್ತು ಇಟ್ಟುಕೊಂಡೇ ಅತ್ತಳು. ನಾನು ಇನ್ನೊಂದು ಚಮಚ ಎತ್ತಿ ಹಿಡಿದಿದ್ದೆ.

ಮೊನ್ನೆ ಬೆಳಿಗ್ಗೆ ತೂಕದ ಮಷಿನ್ ಮೂವತ್ತೊಂಬತ್ತು ತೋರಿಸಿತು. ಒಂದು ಕಿಲೋ! ಅಡುಗೆಮನೆಯವರೆಗೂ ಕುಣಿದುಕೊಂಡು ಹೋಗಿ ಬಂದೆ. ಅಕ್ಕ ಮಷಿನ್ನಿನಿಂದ ಕೆಳಗಿಳಿಯುವಾಗ ಸೀರೆಯೊಳಗಿಂದ ಏನೋ ಧೊಪ್ಪನೆ ಬಿತ್ತು. ಶುಂಠಿ ಜಜ್ಜುವ ನಮ್ಮ ಗುಂಡುಕಲ್ಲು.

"ಏನಕ್ಕಾ ಇದು?"

ಅಕ್ಕ ನನ್ನ ಮುಖ ನೋಡಲಿಲ್ಲ. "ದಿನಾ ಮುಂಜಾನೆ ಮಷಿನ್ ನೋಡಿ ಸಪ್ಪಗಾಗ್ತಿ. ಒಂದ್ ದಿನಾರ ನಗ್ಲಿ ಅಂತ ಇಟ್ಕೊಂಡಿದ್ದೆ."

ಅವಳನ್ನು ಮತ್ತೆ ಮಷಿನ್ ಮೇಲೆ ನಿಲ್ಲಿಸಿದೆ. ಮೂವತ್ತೇಳೂವರೆ.

ಇಬ್ಬರೂ ಅಲ್ಲೇ ನೆಲದ ಮೇಲೆ ಕುಳಿತೆವು. ಇಷ್ಟು ದಿನ ನಾನು ಉಣಿಸಿದ್ದೆಲ್ಲ ಎಲ್ಲಿ ಹೋಯಿತು? ಯಾವ ಆ್ಯಪ್ ಹೇಳೀತು? ಅಕ್ಕನ ಕೈ ಹಿಡಿದುಕೊಂಡೆ. ಬಳೆಗಳು ಮೊಣಕೈವರೆಗೆ ಜಾರಿದವು.

ನಾಳೆ ಡಾಕ್ಟರ ಬಳಿ ಹೋಗಬೇಕು. ಅವರು ಆಪರೇಷನ್ ಆಗುವುದಿಲ್ಲ ಎಂದಾಗಲೂ ಅಕ್ಕನೇ ನನ್ನನ್ನು ಸಮಾಧಾನ ಮಾಡಬೇಕೇ?